ಹೆಣ್ಣುಮಕ್ಕಳ ಕಂಪ್ಯೂಟರ್ ವ್ಯಾಸಂಗ: ಕಾರಣ ಒಂದೇ ಅಲ್ಲ

ಬಿ.ಇ. ಮುಗಿಸಿದ ಮಗಳು ‘ಎಂ.ಟೆಕ್. ಮಾಡುತ್ತೇನೆ, ಆಮೇಲೆ ಪಿಎಚ್.ಡಿ.’ ಎಂದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು ‘ಕೆಲಸ ಸಿಗುತ್ತಲ್ಲ, ಇನ್ನೂ ಯಾತಕ್ಕಮ್ಮ ಓದು?’ ಈ ಪ್ರಶ್ನೆಗೆ ಬೇರೆ ಬೇರೆ ನಾಡಿನ ಹೆಣ್ಣುಮಕ್ಕಳು ಕೊಟ್ಟ ಉತ್ತರಗಳು ಒಂದೇ ಬಗೆಯವಲ್ಲ.

ಅಮೆರಿಕದ ಬಾರ್ಬರಾ ಲಿಸ್ಕೊವ್ 1961ರಲ್ಲಿ ಗಣಿತದ ಪದವಿ ಪಡೆದಾಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಹೆಂಗಸರಿಗೆ ಪ್ರವೇಶವಿಲ್ಲ ಎಂದಿತು. ಆಕೆ ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರಿ ಆ ವಿದ್ಯೆಯನ್ನು ತಾವೇ ಕಲಿತರು. ಹೀಗೆ ಕಲಿಯುವುದು ನಿಧಾನ, ವಿಶ್ವವಿದ್ಯಾಲಯಕ್ಕೆ ಹೋದರೆ ಬೇಗ ಕಲಿಯಬಹುದು ಅನ್ನಿಸಿ ಸ್ಟ್ಯಾನ್‌ಫರ್ಡ್ ಸೇರಿದರು. ಕಂಪ್ಯೂಟರಿನಿಂದ ಚದುರಂಗದ ಕೊನೆಯಾಟ ಆಡಿಸುವ ಬಗ್ಗೆ ಪ್ರಬಂಧ ಬರೆದು 1968ರಲ್ಲಿ ಡಾಕ್ಟರೇಟ್ ಪಡೆದರು. 2008ರ ಟ್ಯೂರಿಂಗ್ ಪ್ರಶಸ್ತಿ ಅವರದು.

ಹುಬ್ಬಳ್ಳಿಯಲ್ಲಿ ಬಿ.ಇ. ಮಾಡಿದ ಸುಧಾ ಕುಲಕರ್ಣಿ (ಮುಂದೆ ಸುಧಾ ಮೂರ್ತಿ) 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿನಿ. ವಿಭಾಗಕ್ಕೆಲ್ಲ ಒಬ್ಬಳೇ ಹುಡುಗಿ. ಡಾಕ್ಟರೇಟಿಗೆ ಅಮೆರಿಕಕ್ಕೆ ಹೋಗುವ ಮನಸ್ಸಿತ್ತು. ಅಷ್ಟರಲ್ಲಿ, ಮಹಿಳೆಯರು ಅರ್ಜಿ ಹಾಕುವುದು ಬೇಡ ಎಂಬ ಟೆಲ್ಕೊ ಜಾಹೀರಾತು ಕಣ್ಣಿಗೆ ಬಿತ್ತು. ಜೆ.ಆರ್.ಡಿ. ಟಾಟಾ ಅವರಿಗೆ ಅಂಚೆ ಕಾರ್ಡಿನಲ್ಲಿ ಆಕ್ಷೇಪ ಬರೆದರು. ಸಂದರ್ಶನಕ್ಕೆ ಕರೆ ಬಂತು, ಕೆಲಸವೂ ಸಿಕ್ಕಿತು. ಅಮೆರಿಕದ ಓದು ಅಲ್ಲಿಗೇ ನಿಂತಿತು.

ಮಲೇಶಿಯದ ಸಂಗತಿ ಇನ್ನೂ ಸ್ವಾರಸ್ಯದ್ದು. 2000ದ ದಶಕದಲ್ಲಿ ನಾರ್ವೆಯ ಸಂಶೋಧಕಿ ವಿವಿಯನ್ ಲಾಗೆಸೆನ್ ಮಲಯ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿದಾಗ ಕಂಪ್ಯೂಟರ್ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗಿಯರೇ. ನೆರಳಿನಲ್ಲಿ, ಕಚೇರಿಯೊಳಗೆ ಕುಳಿತು ಮಾಡುವ ಕೆಲಸ. ಬಿಸಿಲಿಲ್ಲ, ಮೈಕೈ ಕೊಳೆಯಾಗುವುದಿಲ್ಲ, ತೋಳ್ಬಲ ಬೇಡ. ಹೆಣ್ಣಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಯಾವುದು ಎಂದು ಅವರೇ ಕೇಳಿದರಂತೆ! ಅಮೆರಿಕದಲ್ಲಿ ನಡೆದದ್ದು ತದ್ವಿರುದ್ಧ. 1984ರಲ್ಲಿ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಮೊದಲ ಪದವಿ ಪಡೆದ ನೂರು ಮಂದಿಯಲ್ಲಿ ಸುಮಾರು 37 ಮಹಿಳೆಯರಿದ್ದರು. 2010ರ ಹೊತ್ತಿಗೆ ಅದು ಸುಮಾರು 18ಕ್ಕೆ ಇಳಿದಿತ್ತು. 1980ರ ದಶಕದಲ್ಲಿ ಮನೆ ಕಂಪ್ಯೂಟರನ್ನು ಗಂಡುಹುಡುಗರ ಆಟಿಕೆಯೆಂದು ಮಾರಿದ್ದೂ ಇದಕ್ಕೆ ಒಂದು ಕಾರಣ ಎನ್ನುವವರಿದ್ದಾರೆ. ಯಂತ್ರ ಅದೇ, ಕೀಲಿಮಣೆಯೂ ಅದೇ. ಮೊದಲ ಪದವಿಗೇ ಬಾರದವರು ಉನ್ನತ ವ್ಯಾಸಂಗಕ್ಕೆ ಎಲ್ಲಿಂದ ಬರಬೇಕು?

ಸಂಬಳದ ಹಂಗೇ ಇಲ್ಲದೆ ಓದಿದವರೂ ಉಂಟು. ಮೇರಿ ಕೆನೆತ್ ಕೆಲ್ಲರ್ ಕ್ರೈಸ್ತ ಸನ್ಯಾಸಿನಿ, ಗಣಿತದ ಶಿಕ್ಷಕಿ. ಕಂಪ್ಯೂಟರ್ ಪಾಠ ಹೇಳುವುದಕ್ಕೂ ಕಲಿಯುವುದಕ್ಕೂ ಒದಗುವ ಉಪಕರಣವೆಂದು ಕಂಡುಕೊಂಡವರು. 1965ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟಾಗ ವಯಸ್ಸು 51. ಕಂಪ್ಯೂಟರ್ ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಅಮೆರಿಕನ್ ಮಹಿಳೆ ಅವರು. ಅದೇ ವರ್ಷ ಅಯೋವಾ ರಾಜ್ಯದ ಡುಬ್ಯೂಕ್ ಪಟ್ಟಣದ ಕ್ಲಾರ್ಕ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ತೆರೆದು 20 ವರ್ಷ ನಡೆಸಿದರು. ಓದಲು ಬಂದ ತಾಯಂದಿರಿಗೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದಿದ್ದರೆ ಕೂಸನ್ನೂ ತರಗತಿಗೆ ಕರೆತನ್ನಿ ಎನ್ನುತ್ತಿದ್ದರು.