ಗದ್ದುಗೆ ಮತ್ತು ಗಡುವು

ಅಧಿಕಾರಕ್ಕೆ ಏರುವುದಕ್ಕಿಂತ ಅದರಿಂದ ಇಳಿಯುವುದೇ ಕಠಿನವೆಂಬುದಕ್ಕೆ ಮೆಕ್ಸಿಕೋ ದೇಶದ ಇತಿಹಾಸಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

1876ರಲ್ಲಿ ಅಧ್ಯಕ್ಷ ಲೆರ್ದೋ ಮತ್ತೊಂದು ಅವಧಿಗೆ ಮುಂದುವರಿಯಲು ಹೊರಟಾಗ, ಸೇನಾನಿ ಪೋರ್ಫಿರಿಯೋ ದೀಯಾಸ್ ಬಂಡೆದ್ದನು. ‘ಮರುಚುನಾವಣೆ ಕೂಡದು’ ಎಂಬುದೇ ಅವನ ಘೋಷಣೆ. ಗೆದ್ದು ಅಧ್ಯಕ್ಷನಾದನು, 1880ರಲ್ಲಿ ಮಾತಿಗೆ ತಕ್ಕಂತೆ ಇಳಿದೂ ಇಳಿದನು. ಆದರೆ 1884ರಲ್ಲಿ ಮರಳಿ ಬಂದವನು ಸಂವಿಧಾನವನ್ನೇ ತಿದ್ದಿಸಿ, 1911ರ ವರೆಗೆ ಕದಲಲಿಲ್ಲ. ಏರಿದ ಏಣಿಯನ್ನೇ ಒದೆಯುವುದೆಂದರೆ ಇದೇ ಅಲ್ಲವೆ? ಅವನ ಕಾಲದಲ್ಲಿ ರೈಲುಮಾರ್ಗಗಳು ಬೆಳೆದುವು, ನಿಜ. ಆದರೆ ಹಳ್ಳಿಗರ ಭೂಮಿ ದೊಡ್ಡ ಜಮೀನುದಾರರ ಪಾಲಾಯಿತು, ಪ್ರಜೆಯ ಓಟಿಗೆ ಬೆಲೆಯೇ ಇಲ್ಲದಾಯಿತು. 1910ರಲ್ಲಿ ಫ್ರಾನ್ಸಿಸ್ಕೋ ಮದೆರೋ ಎಂಬಾತ ಆ ಹಳೆಯ ಘೋಷಣೆಯನ್ನೇ ಎತ್ತಿಕೊಂಡು ದೀಯಾಸನಿಗೆ ಎದುರಾಗಿ ನಿಂತನು. ಮತದಾನಕ್ಕೆ ಮುನ್ನವೇ ಸೆರೆಯಾದನು. ಅಲ್ಲಿಂದ ಹೊತ್ತಿದ ಕ್ರಾಂತಿ ದೀಯಾಸನನ್ನು ಪ್ಯಾರಿಸಿಗೆ ಅಟ್ಟಿತು. 1913ರಲ್ಲಿ ಮದೆರೋನನ್ನೂ ಬಲಿತೆಗೆದುಕೊಂಡಿತು.

ಇಷ್ಟು ರಕ್ತವನ್ನು ತೆತ್ತು ಪಡೆದ 1917ರ ಸಂವಿಧಾನವು ಮರುಚುನಾವಣೆಯನ್ನು ಸಂಪೂರ್ಣವಾಗಿ ನಿಷೇಧಿಸಿತು. ಹತ್ತೇ ವರ್ಷಗಳಲ್ಲಿ, ಒಮ್ಮೆ ಅಧ್ಯಕ್ಷನಾಗಿದ್ದ ಒಬ್ರೆಗೋನನು ಮರಳಿ ಬರಲೆಂದು ಅದನ್ನು ಸಡಿಲಿಸಿದರು. 1928ರ ಜುಲೈಯಲ್ಲಿ ಅವನು ಗೆದ್ದನು. ಪದವಿಯನ್ನು ಸ್ವೀಕರಿಸುವ ಮೊದಲೇ ಔತಣಕೂಟವೊಂದರಲ್ಲಿ ಗುಂಡಿಗೆ ಬಲಿಯಾದನು. ಕೊಂದವನ ದ್ವೇಷ ಧಾರ್ಮಿಕವಾದುದು. ಆದರೂ ಹೆದರಿದ ದೇಶ 1933ರಲ್ಲಿ ನಿಷೇಧವನ್ನು ಮರಳಿ ತಂದಿತು. ಆರು ವರ್ಷ, ಆಮೇಲೆ ಜೀವಮಾನದಲ್ಲಿ ಮತ್ತೊಮ್ಮೆ ಇಲ್ಲ.

ಅಂದಿನಿಂದ ಈ ನಿಯಮ ಮುರಿದಿಲ್ಲ. ಆದರೂ 1929ರಿಂದ 2000ದ ವರೆಗೆ, 71 ವರ್ಷಗಳ ಕಾಲ, ಒಂದೇ ಪಕ್ಷ ಆಳಿತು. ಇಳಿಯುವ ಅಧ್ಯಕ್ಷನೇ ಮುಂದಿನವನತ್ತ ಬೆರಳು ತೋರಿಸುತ್ತಿದ್ದನು. ಆ ಪದ್ಧತಿಗೆ ಜನರು ಬೆರಳಿನ ಹೆಸರನ್ನೇ ಇಟ್ಟರು. ಸರಕಾರಿ ಪತ್ರಗಳ ಕೊನೆಯಲ್ಲಿ ಮಾತ್ರ ಮದೆರೋನ ಘೋಷಣೆ ಬಹುಕಾಲ ರಾರಾಜಿಸುತ್ತಿತ್ತು: ‘ಮತಕ್ಕೆ ಬೆಲೆ ಇರಲಿ, ಮರುಚುನಾವಣೆ ಬೇಡ.’ ಅದರ ಉತ್ತರಾರ್ಧ ನಡೆಯಿತು. ಪೂರ್ವಾರ್ಧ ಕಾಗದದಲ್ಲಿಯೇ ಉಳಿಯಿತು.

ಹಾಗಾದರೆ ಗಡುವು ವ್ಯರ್ಥವೆ? ಹಾಗೆಂದು ನಾನು ಭಾವಿಸಲಾರೆ. ಹಿಂದಿನಿಂದ ಸೂತ್ರ ಹಿಡಿದಿದ್ದ ಮಾಜಿ ಅಧ್ಯಕ್ಷ ಕಾಯೆಸನನ್ನು 1936ರಲ್ಲಿ ಗಡೀಪಾರು ಮಾಡಿದ ಕಾರ್ದೆನಾಸ್ ಎಷ್ಟೇ ಜನಪ್ರಿಯನಾಗಿದ್ದರೂ 1940ರಲ್ಲಿ ತಾನೇ ಇಳಿದನು. ಎರಡನೆಯ ದೀಯಾಸ್ ಆ ದೇಶದಲ್ಲಿ ಹುಟ್ಟಲಿಲ್ಲ. ಆದರೆ ಗಡುವು ವ್ಯಕ್ತಿಯ ಆಸೆಗೆ ಹಾಕಿದ ಬೇಲಿ; ಪಕ್ಷದ ಆಸೆಗೆ ಬೇಲಿಯಾಗಬೇಕಾದುದು ಪ್ರಾಮಾಣಿಕವಾದ ಮತಪೆಟ್ಟಿಗೆ. 1996ರಲ್ಲಿ ಅಲ್ಲಿನ ಚುನಾವಣಾ ಸಂಸ್ಥೆ ಸರಕಾರದ ಹಿಡಿತದಿಂದ ಹೊರಬಂದಿತು. ನಾಲ್ಕು ವರ್ಷಗಳಲ್ಲಿ ಆ ಪಕ್ಷವೂ ಗದ್ದುಗೆಯಿಂದ ಇಳಿಯಿತು.