ಗಣಕಯಂತ್ರದ ಬ್ಯಾಕಪ್

ಬ್ಯಾಕಪ್ ಎಂದರೆ ಗಣಕಯಂತ್ರದಲ್ಲಿರುವ ಕಡತಗಳ ಪ್ರತಿಯನ್ನು ಮೂಲದಿಂದ ಪ್ರತ್ಯೇಕವಾದ ಇನ್ನೊಂದು ಮಾಧ್ಯಮದಲ್ಲಿ ಕಾಪಿಡುವ ವ್ಯವಸ್ಥೆ. ಮೂಲ ಕಡತವು ಕೆಟ್ಟಾಗ, ಅಳಿಸಿಹೋದಾಗ ಅಥವಾ ಯಂತ್ರವೇ ಕಳವಾದಾಗ ಈ ಪ್ರತಿಯಿಂದ ಅದನ್ನು ಮರಳಿ ಪಡೆಯಬಹುದು. ಹೀಗೆ ಮರಳಿ ಪಡೆಯುವ ಕ್ರಿಯೆಯನ್ನು ಮರುಸ್ಥಾಪನೆ ಎನ್ನುತ್ತಾರೆ.

ಅಗತ್ಯ

ಹಾರ್ಡ್ ಡಿಸ್ಕ್‌ನಲ್ಲಿ ಸದಾ ಚಲಿಸುವ ಭಾಗಗಳಿರುವುದರಿಂದ ಅದು ಕಾಲಕ್ರಮೇಣ ಸವೆಯುತ್ತದೆ. ಎಸ್‌ಎಸ್‌ಡಿಯಲ್ಲಿ ಅಂತಹ ಭಾಗಗಳಿಲ್ಲವಾದರೂ ಅದು ಯಾವ ಮುನ್ಸೂಚನೆಯೂ ಇಲ್ಲದೆ ಕೆಡಬಹುದು. ಬಳಕೆದಾರನ ಕೈತಪ್ಪು, ಬೆಂಕಿ, ನೀರು ಮತ್ತು ಕುತಂತ್ರಾಂಶಗಳು ನಷ್ಟದ ಇತರ ಕಾರಣಗಳು. 2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈ ಎಂಬ ಕುತಂತ್ರಾಂಶವು ಹಲವು ದೇಶಗಳ ಗಣಕಯಂತ್ರಗಳಲ್ಲಿದ್ದ ಕಡತಗಳನ್ನು ಗೂಢಲಿಪಿಗೆ ಬದಲಾಯಿಸಿ, ಬಿಡುಗಡೆಗೆ ಹಣ ಕೇಳಿತು. ಇಂತಹ ಸಂದರ್ಭದಲ್ಲಿ ಯಂತ್ರಕ್ಕೆ ಸದಾ ಜೋಡಿಸಿಟ್ಟ ಬಾಹ್ಯ ಡಿಸ್ಕ್ ಕೂಡ ಸೋಂಕಿಗೆ ತುತ್ತಾಗಬಹುದು. ಆದ್ದರಿಂದ ಬ್ಯಾಕಪ್ ಮುಗಿದೊಡನೆ ಅದನ್ನು ಬೇರ್ಪಡಿಸಿಡುವುದು ಸೂಕ್ತ.

ಬ್ಯಾಕಪ್ ಎನಿಸದ ನಕಲುಗಳು

ಒಂದೇ ಡಿಸ್ಕ್‌ನ ಸಿ ವಿಭಾಗದಿಂದ ಡಿ ವಿಭಾಗಕ್ಕೆ ಮಾಡಿದ ನಕಲು ಬ್ಯಾಕಪ್ ಎನಿಸದು. ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೆ ನಾಶವಾಗುತ್ತವೆ. ಅಂತರಜಾಲದ ಸಂಗ್ರಹದೊಂದಿಗೆ ಕಡತಗಳನ್ನು ಸರಿಹೊಂದಿಸುವ ಸೇವೆಗಳೂ ಪೂರ್ಣ ಬ್ಯಾಕಪ್ ಅಲ್ಲ. ಒಂದೆಡೆ ಅಳಿಸಿದ ಕಡತವು ಇನ್ನೊಂದೆಡೆಯೂ ಅಳಿಯುತ್ತದೆ. ಕೆಲವು ಸೇವೆಗಳು ಅಳಿಸಿದ ಕಡತವನ್ನು ಉಳಿಸಿಕೊಳ್ಳುವುದುಂಟು, ಆದರೆ ಸೀಮಿತ ಅವಧಿಗೆ ಮಾತ್ರ.

ವಿಧಗಳು

ಪೂರ್ಣ ಬ್ಯಾಕಪ್‌ನಲ್ಲಿ ಪ್ರತಿ ಬಾರಿಯೂ ಎಲ್ಲ ಕಡತಗಳು ನಕಲಾಗುತ್ತವೆ. ಇನ್‌ಕ್ರಿಮೆಂಟಲ್ ವಿಧಾನದಲ್ಲಿ ಹಿಂದಿನ ಬ್ಯಾಕಪ್‌ನ ನಂತರ ಬದಲಾದ ಕಡತಗಳು ಮಾತ್ರ, ಡಿಫರೆನ್ಷಿಯಲ್ ವಿಧಾನದಲ್ಲಿ ಕೊನೆಯ ಪೂರ್ಣ ಬ್ಯಾಕಪ್‌ನ ನಂತರ ಬದಲಾದವೆಲ್ಲವೂ ನಕಲಾಗುತ್ತವೆ. ಉದಾಹರಣೆಗೆ, ಭಾನುವಾರ ಪೂರ್ಣ ಬ್ಯಾಕಪ್ ಮಾಡಿ, ನಂತರ ಪ್ರತಿದಿನವೂ ಬ್ಯಾಕಪ್ ಮಾಡುತ್ತಿದ್ದು, ಬುಧವಾರ ರಾತ್ರಿ ಡಿಸ್ಕ್ ಕೆಟ್ಟಿತೆಂದು ಭಾವಿಸೋಣ. ಇನ್‌ಕ್ರಿಮೆಂಟಲ್ ವಿಧಾನದಲ್ಲಿ ಮರುಸ್ಥಾಪನೆಗೆ ನಾಲ್ಕೂ ದಿನಗಳ ಪ್ರತಿಗಳು ಬೇಕು. ಡಿಫರೆನ್ಷಿಯಲ್ ವಿಧಾನದಲ್ಲಿ ಭಾನುವಾರ ಮತ್ತು ಬುಧವಾರದ ಪ್ರತಿಗಳು ಸಾಕು.

3-2-1 ನಿಯಮ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ ಈ ನಿಯಮದಂತೆ ಮುಖ್ಯ ಕಡತಗಳ ಒಟ್ಟು 3 ಪ್ರತಿಗಳಿರಬೇಕು, ಅವು 2 ಬೇರೆ ಬೇರೆ ಬಗೆಯ ಮಾಧ್ಯಮಗಳಲ್ಲಿರಬೇಕು, 1 ಪ್ರತಿಯಾದರೂ ಬೇರೆ ಸ್ಥಳದಲ್ಲಿರಬೇಕು. ಗಣಕಯಂತ್ರದಲ್ಲಿರುವ ಮೂಲ, ಕಪಾಟಿನಲ್ಲಿಟ್ಟ ಬಾಹ್ಯ ಡಿಸ್ಕ್ ಹಾಗೂ ಅಂತರಜಾಲದ ಸಂಗ್ರಹ, ಇವು ಮೂರೂ ಸೇರಿದರೆ ಮನೆಬಳಕೆಯಲ್ಲಿ ಈ ನಿಯಮ ಪಾಲನೆಯಾಗುತ್ತದೆ. ಅಂತರಜಾಲದ ಬದಲು ಬಂಧುಗಳ ಮನೆಯಲ್ಲಿ ಇನ್ನೊಂದು ಡಿಸ್ಕ್ ಇಡಬಹುದು.

ಸಾಧನಗಳು

ವಿಂಡೋಸ್ 8ರಿಂದ ಫೈಲ್ ಹಿಸ್ಟರಿ ಎಂಬ ಸೌಲಭ್ಯವಿದೆ. ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳಲ್ಲಿ 2007ರಿಂದ ಟೈಮ್ ಮಷೀನ್ ಲಭ್ಯವಿದೆ. ಇವೆರಡೂ ಕಡತದ ಹಳೆಯ ಆವೃತ್ತಿಗಳನ್ನೂ ಉಳಿಸುತ್ತವೆ. ಲಿನಕ್ಸ್‌ನಲ್ಲಿ ಆರ್‌ಸಿಂಕ್ ಎಂಬ ಮುಕ್ತ ತಂತ್ರಾಂಶ ಬಳಕೆಯಲ್ಲಿದೆ.

ಮರುಸ್ಥಾಪನೆಯ ಪರೀಕ್ಷೆ

ಬ್ಯಾಕಪ್ ನಡೆಯುತ್ತಿದೆ ಎಂಬ ನಂಬಿಕೆಯೊಂದೇ ಸಾಲದು. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ 'ಟಾಯ್ ಸ್ಟೋರಿ 2' ಚಲನಚಿತ್ರ ತಯಾರಾಗುತ್ತಿದ್ದಾಗ ತಪ್ಪಾಗಿ ನೀಡಿದ ಒಂದು ಆದೇಶದಿಂದ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಸಂಸ್ಥೆಯ ಬ್ಯಾಕಪ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂದು ಆಗಲೇ ತಿಳಿಯಿತು. ಮಗು ಹುಟ್ಟಿದ ನಂತರ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಮನೆಯ ಗಣಕದಲ್ಲಿದ್ದ ಪ್ರತಿಯಿಂದ ಅವುಗಳಲ್ಲಿ ಹೆಚ್ಚಿನವು ಮರಳಿ ದೊರೆತವು. ಆದ್ದರಿಂದ ಆಗಾಗ ಕೆಲವು ಕಡತಗಳನ್ನು ಪ್ರತಿಯಿಂದ ಬೇರೊಂದು ಕಡತಕೋಶಕ್ಕೆ ಮರುಸ್ಥಾಪಿಸಿ, ತೆರೆದು ಓದಿ ನೋಡಬೇಕು.

ಕನ್ನಡದ ಹಳೆಯ ಕಡತಗಳಿಗೆ ಈ ಪರೀಕ್ಷೆ ಇನ್ನೂ ಅವಶ್ಯಕ. ಯೂನಿಕೋಡ್ ಬಳಕೆಗೆ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಬರವಣಿಗೆಯು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ. ಕಡತ ಉಳಿದರೂ ಓದು ಉಳಿಯುವುದಿಲ್ಲ. ಅಂತಹ ಕಡತಗಳ ಜೊತೆಗೆ ಅಕ್ಷರಶೈಲಿಯನ್ನೂ ಕಾಪಿಡಬೇಕು, ಇಲ್ಲವೇ ಪರಿವರ್ತಕ ತಂತ್ರಾಂಶದ ನೆರವಿನಿಂದ ಯೂನಿಕೋಡ್‌ಗೆ ಬದಲಾಯಿಸಿದ ಪ್ರತಿಯನ್ನು ಮೂಲದ ಜೊತೆಗಿಡಬೇಕು.