ರೇಸಿಂಗ್ ಸೀಟು, ರೋಲ್ ಬಾರು: ಒಂದು ಹಾಕಿದ್ರೆ ಇನ್ನೊಂದು ಯಾಕೆ ಬೇಕಾಗತ್ತೆ?

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ ಎಂದಿನ ಹಾಗೆ ಮಾತಿನ ಬರಹರೂಪ ಇಲ್ಲಿದೆ. ಮಾತಾಡೋವಾಗ ಬಾಯಿ ತಪ್ಪಿ ಹೇಳಿದ ಒಂದೆರಡು ಅಂಕಿಗಳನ್ನ ಇಲ್ಲಿ ತಿದ್ದಿದ್ದೀನಿ.

ನಾನಿರೋದು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಅಂತ ಹಳೇ ವೀಕ್ಷಕರಿಗೆ ಗೊತ್ತು. ಶನಿವಾರ ರಾತ್ರಿ ನಮ್ಮ ಸಿಂಧು ಭವನ್ ರೋಡಿಗೆ ಬಂದ್ರೆ ಯಾವ ಆಟೋ ಎಕ್ಸ್‌ಪೋನೂ ಬೇಕಾಗಲ್ಲ, ಅಷ್ಟು ತರದ ಕಾರು ಸಾಲಾಗಿ ನಿಂತಿರ್ತವೆ. ಆ ಸಾಲಲ್ಲಿ ಒಂದು ನನ್ನ ಹುಬ್ಬಳ್ಳಿ ದೋಸ್ತನದು. ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟಾಂಗ್ ಜಿಟಿ. ಇಲ್ಲೇ ಬಟ್ಟೆ ಮೆಷಿನ್‌ಗಳ ವ್ಯಾಪಾರ ಮಾಡ್ತಾನೆ, ತಿಂಗಳಿಗೆ ಎರಡು ಸಲ ಸೂರತ್‌ಗೆ ಹೋಗಿ ಬರ್ತಾನೆ, ಆ ಕಾರಲ್ಲೇ. ಮೊನ್ನೆ ಫೋನ್ ಮಾಡಿದ: "ದೋಸ್ತ, ರೇಸಿಂಗ್ ಸೀಟ್ ಬಂದಾವ. ಹಿಂದ ರೋಲ್ ಬಾರ್‌ನೂ ಹಾಕಸ್ತೀನಿ. ಗಾಡಿ ಹಗುರಾನೂ ಆಗತೈತಿ, ಸೇಫ್ಟೀನೂ ಆಗತೈತಿ. ಹೌದಲ್ಲೋ?"

ನಾನು, ಎರಡು ದಿನ ತಡಿ ಮಾರಾಯ, ಗಾಡಿ ಬಿಚ್ಚಿಸಬೇಡ ಅಂದೆ. ಯಾಕಂದ್ರೆ ಆ ಕಾರಿನ ಹಿಂದಿನ ಸೀಟಲ್ಲಿ ಕೂರೋದು ಅವನ ಏಳು ವರ್ಷದ ಮಗಳು.

ಮೊದಲು ಹಗುರದ ಲೆಕ್ಕ ಮುಗಿಸಿಬಿಡೋಣ, ಅದು ಸಣ್ಣದು. ಮೋಟಾರು, ಹೀಟರು ಎಲ್ಲ ಇರೋ ಕಂಪನಿ ಸೀಟು ಸಾಮಾನ್ಯವಾಗಿ 20ರಿಂದ 30 ಕೆಜಿ ತೂಗತ್ತೆ. ಫೈಬರ್ ಶೆಲ್ಲಿನ ರೇಸಿಂಗ್ ಸೀಟು 6ರಿಂದ 10 ಕೆಜಿ. ಎರಡೂ ಬದಲಾಯಿಸಿದ್ರೆ 35 ಕೆಜಿ ಉಳೀತು ಅಂತಿಟ್ಟುಕೊಳ್ಳಿ. ಕಾರಿನ ತೂಕ 1,700 ಕೆಜಿ ಮೇಲೆ. ಅಂದ್ರೆ ಉಳಿದದ್ದು ಶೇಕಡಾ 2. ಟ್ಯಾಂಕಲ್ಲಿ 45 ಲೀಟರ್ ಪೆಟ್ರೋಲ್ ಕಡಿಮೆ ಇಟ್ಕೊಂಡು ಓಡಿಸಿದ ಹಾಗೆ. ಅದರ ಮೇಲೆ ಸ್ಟೀಲಿನ ರೋಲ್ ಬಾರ್ ಕೂರಿಸಿದ್ರೆ ಉಳಿಸಿದ್ರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬಂತು. ಹಗುರದ ಮಾತು ಇಲ್ಲಿಗೇ ಬಿಡೋಣ.

ಸೇಫ್ಟಿ ಮಾತಿಗೆ ಬರ್ತೀನಿ. ನಮ್ಮ ಸಾಫ್ಟ್‌ವೇರ್‌ನವರಿಗೆ ಇದು ಚೆನ್ನಾಗಿ ಅರ್ಥ ಆಗತ್ತೆ. ಒಂದು ಚಿಕ್ಕ ಲೈಬ್ರರಿ ಇನ್‌ಸ್ಟಾಲ್ ಮಾಡೋಣ ಅಂತ ಹೋಗ್ತೀರಿ, ಅದಕ್ಕೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೆ ಮೂರು ಬೇಕು. ರೇಸಿಂಗ್ ಸೀಟೂ ಹಾಗೇ. ಅದೊಂದು ಪಾರ್ಟ್ ಅಲ್ಲ, ಒಂದು ಸಿಸ್ಟಮ್ಮಿನ ತುಂಡು. ಆ ಸಿಸ್ಟಮ್ ಅರ್ಧ ಹಾಕಿದ ಕಾರು ಏನೂ ಹಾಕದ ಕಾರಿಗಿಂತ ಅಪಾಯ.

ಹಳೇ ಸೀಟು ಬಿಚ್ಚಿದಾಗ ಏನೇನು ಹೋಯ್ತು ನೋಡಿ. ಸೀಟಿನ ಪಕ್ಕದಲ್ಲಿ ಹೊಲಿದಿರೋ ಸೈಡ್ ಏರ್‌ಬ್ಯಾಗ್ ಹೋಯ್ತು. ಸೀಟಲ್ಲಿ ಯಾರು ಕೂತಿದ್ದಾರೆ ಅಂತ ತೂಕ ನೋಡಿ ಹೇಳೋ ಸೆನ್ಸರ್ ಹೋಯ್ತು. ಬಹಳಷ್ಟು ಕಾರುಗಳಲ್ಲಿ ಬೆಲ್ಟಿನ ಬಕಲ್ ಸೀಟಿಗೇ ಬೋಲ್ಟ್ ಆಗಿರತ್ತೆ, ಅದೂ ಹೋಯ್ತು. ತಕ್ಷಣ ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ದೀಪ ಉರಿಯತ್ತೆ. ಗ್ಯಾರೇಜಿನವರು ಏನ್ ಮಾಡ್ತಾರೆ? ಆ ಕನೆಕ್ಟರಿಗೆ ಎರಡು ಮೂರು ಓಮ್‌ನ ಒಂದು ರೆಸಿಸ್ಟರ್ ಸಿಕ್ಕಿಸ್ತಾರೆ. ಏರ್‌ಬ್ಯಾಗ್ ಇದೆ ಅಂತ ಕಂಪ್ಯೂಟರ್ ನಂಬಿಬಿಡತ್ತೆ, ದೀಪ ಆರತ್ತೆ. ಎಕ್ಸೆಪ್ಷನ್ ಕ್ಯಾಚ್ ಮಾಡಿ, ಲಾಗೂ ಬರೆಯದೆ ಸುಮ್ಮನಾಗೋ ಕೋಡ್ ನೋಡಿದ್ದೀರಲ್ಲ? ಅದೇ ಇದು. ಇಂಥ ಕೋಡ್ ಬರೆದವರನ್ನ ರಿವ್ಯೂನಲ್ಲಿ ನಾನು ಸುಮ್ಮನೆ ಬಿಡಲ್ಲ, ಇಲ್ಲಿ ಮಾತ್ರ ಅದಕ್ಕೆ ದುಡ್ಡು ಕೊಟ್ಟು ಬರ್ತೀವಿ.

ಮುಂದಿನದು ಸೀಟು ಕೂರಿಸೋದು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿ, ಮುಂಭಾಗ ನುಗ್ಗಾಗಿ, 60 ಸೆಂ.ಮೀ. ಒಳಗೆ ನೀವು ನಿಂತ್ರಿ ಅನ್ಕೊಳ್ಳಿ. ಲೆಕ್ಕ ಹಾಕಿದ್ರೆ ಸರಾಸರಿ 16 ಜಿ ಬರತ್ತೆ. 75 ಕೆಜಿ ಮನುಷ್ಯ ಆ ಕ್ಷಣ 1,200 ಕೆಜಿಯ ಹಾಗೆ ಎಳೀತಾನೆ. ಆ ಭಾರದಲ್ಲಿ ಒಂದು ಪಾಲು ಬಕಲ್ ಮೂಲಕ ಸೀಟಿನ ಬ್ರಾಕೆಟ್ಟಿಗೆ ಬರತ್ತೆ. ರೇಸಿಂಗ್ ನಿಯಮ ಬರೆಯೋ ಎಫ್‌ಐಎ ಇದಕ್ಕೇನು ಹೇಳತ್ತೆ ಅಂದ್ರೆ, ಒರಿಜಿನಲ್ ಜಾಗ ಬಿಟ್ಟು ಬೇರೆ ಕಡೆ ಸೀಟು ಕೂರಿಸೋದಾದ್ರೆ ಕನಿಷ್ಠ ನಾಲ್ಕು ಕಡೆ 8 ಮಿ.ಮೀ. ಬೋಲ್ಟು, ಸ್ಟೀಲಾದ್ರೆ ಕನಿಷ್ಠ 3 ಮಿ.ಮೀ. ದಪ್ಪದ ಬ್ರಾಕೆಟ್ಟು, ನೆಲದ ತಗಡಿನ ಕೆಳಗೆ ಬೋಲ್ಟು ಹರಿದುಕೊಂಡು ಬರದ ಹಾಗೆ ಅಷ್ಟೇ ದಪ್ಪದ ಪ್ಲೇಟು. ನಾನು ದೋಸ್ತನ ಜೊತೆ ಆ ಗ್ಯಾರೇಜಿಗೆ ಹೋಗಿ ಅವರು ತಯಾರು ಮಾಡಿಟ್ಟ ಬ್ರಾಕೆಟ್ ನೋಡಿದೆ. ಕಿಟಕಿ ಗ್ರಿಲ್ ಮಾಡೋ ಚೌಕದ ಪೈಪು. ವೆಲ್ಡಿಂಗ್ ಮೇಲೆ ಕಪ್ಪು ಪೇಂಟು, ನೋಡೋಕೆ ಬಹಳ ಚೆಂದ. ಪ್ಲೇಟ್ ಎಲ್ಲಿ ಅಂದ್ರೆ ವಾಷರ್ ತೋರಿಸಿದ್ರು.

ಸೀಟಿನ ಬೆನ್ನಲ್ಲಿ ಹೆಸರಾಂತ ಕಂಪನಿಯ ಸ್ಟಿಕರ್ ಇತ್ತು. ಎಫ್‌ಐಎ ಲೇಬಲ್ ಮಾತ್ರ ಇರಲಿಲ್ಲ. ನಿಜವಾದ ರೇಸಿಂಗ್ ಸೀಟಿಗೆ 8855-1999 ಅಥವಾ 8862-2009 ಅನ್ನೋ ಸ್ಟ್ಯಾಂಡರ್ಡ್ ನಂಬರ್ ಇರೋ ಲೇಬಲ್ ಇರತ್ತೆ, ಅದರ ಮೇಲೆ ವರ್ಷ ಇರತ್ತೆ. ಮೊದಲನೇ ತರದ ಸೀಟಿನ ಆಯಸ್ಸು 5 ವರ್ಷ, ಎರಡನೇದಕ್ಕೆ 10. ಹಾಲಿನ ಪ್ಯಾಕೆಟ್ ತರ ಇದಕ್ಕೂ ಡೇಟ್ ಮುಗಿಯತ್ತೆ. ಅಂದ್ರೆ ದೋಸ್ತ ತಂದಿದ್ದು ಸೀಟಿನ ಆಕಾರದ ಕುರ್ಚಿ.

ಸರಿ, ಸೀಟು ಅಸಲಿ, ಬ್ರಾಕೆಟ್ಟೂ ಸರಿಯಾಗಿದೆ ಅನ್ಕೊಳ್ಳೋಣ. ಈಗ ಬೆಲ್ಟು. ಬಕೆಟ್ ಸೀಟಿನ ಎತ್ತರದ ಅಂಚುಗಳ ಮೇಲೆ ಮಾಮೂಲಿ ಮೂರು ಪಾಯಿಂಟ್ ಬೆಲ್ಟ್ ಹಾದು ಬಂದ್ರೆ ಸೊಂಟದ ಪಟ್ಟಿ ಸೊಂಟದ ಮೂಳೆ ಮೇಲೆ ಕೂರಲ್ಲ, ಹೊಟ್ಟೆ ಮೇಲೆ ನಿಲ್ಲತ್ತೆ. ಗುದ್ದಿದಾಗ ಮನುಷ್ಯ ಬೆಲ್ಟಿನ ಕೆಳಗೆ ಜಾರ್ತಾನೆ, ಪಟ್ಟಿ ಮೆತ್ತನೆ ಹೊಟ್ಟೆಯೊಳಗೆ ಇಳಿಯತ್ತೆ. ಸಬ್‌ಮರೀನಿಂಗ್ ಅಂತಾರೆ ಇದಕ್ಕೆ. ಮುಳುಗೋದು ಲಿವರು, ಕರುಳು. ಹಾಗಾಗಿ ಆರು ಪಾಯಿಂಟ್ ಹಾರ್ನೆಸ್ ಬೇಕು. ನಾಲ್ಕು ಪಾಯಿಂಟಿಂದು ಅಗ್ಗ ಸಿಗತ್ತೆ, ಆದರೆ ಅದರ ಭುಜದ ಪಟ್ಟಿಗಳು ಸೊಂಟದ ಪಟ್ಟಿಯನ್ನ ಮೇಲಕ್ಕೆ ಎಳೀತವೆ, ಮತ್ತೆ ಅದೇ ಜಾರಾಟ. ತೊಡೆ ಮಧ್ಯದ ಪಟ್ಟಿಗಳಿರೋದೇ ಇದನ್ನ ತಡೆಯೋಕೆ.

ಹಾರ್ನೆಸ್ಸಿನ ಭುಜದ ಪಟ್ಟಿ ಎಲ್ಲಿಗೆ ಕಟ್ಟೋದು? ಅದು ಭುಜದಿಂದ ಹಿಂದಕ್ಕೆ ಹೆಚ್ಚೂಕಮ್ಮಿ ಅಡ್ಡಡ್ಡ ಹೋಗಬೇಕು. ಹಿಂದಿನ ಸೀಟಿನ ಕೆಳಗೆ ನೆಲಕ್ಕೆ ಕಟ್ಟಿದ್ರೆ ಗುದ್ದಿದಾಗ ಬೆನ್ನುಮೂಳೆಯನ್ನೇ ಕೆಳಕ್ಕೆ ಜಗ್ಗತ್ತೆ. ಅದಕ್ಕೇ ಸೀಟಿನ ಹಿಂದೆ ಒಂದು ಅಡ್ಡ ಕಂಬಿ ಬೇಕು. ರೋಲ್ ಬಾರ್ ಮೊದಲು ಪ್ರವೇಶ ಆಗೋದು ಇಲ್ಲಿ. ಎರಡನೇ ಕಾರಣ ಇನ್ನೂ ಮುಖ್ಯ. ಹಾರ್ನೆಸ್ಸು, ಬಕೆಟ್ ಸೀಟು ಸೇರಿದ್ರೆ ನಿಮ್ಮನ್ನ ನೆಟ್ಟಗೆ ಕಂಬದ ಹಾಗೆ ನಿಲ್ಲಿಸಿಬಿಡ್ತವೆ. ಕಾರು ಮಗುಚಿ ಚಾವಣಿ ಕುಸಿದ್ರೆ ಮಾಮೂಲಿ ಬೆಲ್ಟಲ್ಲಿ ಮೈ ಪಕ್ಕಕ್ಕೆ ವಾಲೋಕಾದ್ರೂ ಜಾಗ ಇರತ್ತೆ. ಹಾರ್ನೆಸ್ಸಲ್ಲಿ ಇಲ್ಲ. ಚಾವಣಿಯ ಭಾರ ಕತ್ತಿನ ಮೇಲೆ. ಅದಕ್ಕೇ ಹಾರ್ನೆಸ್ ಹಾಕಿದವರು ಚಾವಣಿ ಹಿಡಿದು ನಿಲ್ಲಿಸೋ ಬಾರ್ ಹಾಕಲೇಬೇಕು.

ಬಾರ್ ಅಂದ್ರೆ ಯಾವ ಪೈಪ್ ಬೇಕಾದ್ರೂ ಆಗಲ್ಲ. ಎಫ್‌ಐಎ ಕೇಳೋದು ಜೋಡಣೆ ಗೆರೆಯಿಲ್ಲದ, ತಣ್ಣಗೆ ಎಳೆದು ಮಾಡಿದ ಸ್ಟೀಲ್ ಪೈಪು. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ, ಇಲ್ಲಾ 50 ವ್ಯಾಸಕ್ಕೆ 2.0 ದಪ್ಪ. ಕಾಲು ಊರೋ ಕಡೆ ಕನಿಷ್ಠ 120 ಚದರ ಸೆಂ.ಮೀ. ಪ್ಲೇಟು. ಗ್ರಿಲ್ ಪೈಪು ತಗಡನ್ನ ಸುತ್ತಿ ಉದ್ದಕ್ಕೂ ವೆಲ್ಡ್ ಮಾಡಿದ್ದು. ಜೋರಾಗಿ ಬಗ್ಗಿಸಿದ್ರೆ ಬಿಟ್ಟುಕೊಳ್ಳೋ ಭಯ ಆ ಗೆರೆಯಲ್ಲೇ.

ಇಷ್ಟು ಹಾಕಿದ ಮೇಲೆ ತಲೆಯಿಂದ ಒಂದು ಗೇಣು ದೂರದಲ್ಲಿ ಸ್ಟೀಲ್ ಕಂಬಿ ಬಂತು. ರೇಸಲ್ಲಿ ಅದರ ಮೇಲೆ ಪ್ಯಾಡ್ ಸುತ್ತಿರ್ತಾರೆ, ಆದರೆ ಆ ಪ್ಯಾಡು ಹೆಲ್ಮೆಟ್ ಹಾಕಿದ ತಲೆಗೆ ಅಂತ ಮಾಡಿದ್ದು. ಮುಟ್ಟಿ ನೋಡಿದ್ರೆ ಗಟ್ಟಿ. ಬರಿ ತಲೆ ಬಡಿದ್ರೆ ತಲೆಯೇ ಒಡೆಯೋದು. ಹಾಗಾದ್ರೆ ಹೆಲ್ಮೆಟ್ ಬೇಕು. ಮೈ ಪೂರ್ತಿ ಕಟ್ಟಿ ಹಾಕಿ, ತಲೆಗೆ ಹೆಲ್ಮೆಟ್ಟಿನ ತೂಕ ಸೇರಿಸಿದ್ರೆ, ಗುದ್ದಿದಾಗ ಮುಂದಕ್ಕೆ ಹೋಗೋದು ತಲೆ ಒಂದೇ. ತಲೆಬುರುಡೆಯ ಬುಡವೇ ಸೀಳತ್ತೆ. 2001ರ ಫೆಬ್ರವರಿಯಲ್ಲಿ ಡೇಟೋನಾ ರೇಸಲ್ಲಿ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡಿದ್ದು ಇಂಥದ್ದೇ ಗಾಯದಿಂದ. ಇದನ್ನ ತಡೆಯೋ ಹ್ಯಾನ್ಸ್ ಅನ್ನೋ ಕತ್ತಿನ ಪಟ್ಟಿಯನ್ನ ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್ ರಾಬರ್ಟ್ ಹಬರ್ಡ್, ತಮ್ಮ ಸಂಬಂಧಿಯೂ ರೇಸರೂ ಆದ ಜಿಮ್ ಡೌನಿಂಗ್ ಜೊತೆ 1980ರ ದಶಕದಲ್ಲೇ ಮಾಡಿಟ್ಟಿದ್ರು. ಫಾರ್ಮುಲಾ ಒನ್‌ನಲ್ಲಿ ಕಡ್ಡಾಯ ಆಗಿದ್ದು 2003ಕ್ಕೆ.

ಸೀಟಿಂದ ಶುರು ಮಾಡಿ ಎಲ್ಲಿಗೆ ಬಂದ್ವಿ ನೋಡಿ! ಸುರತ್ಕಲ್‌ನಲ್ಲಿ ಎಂಟೆಕ್ ಮಾಡೋವಾಗ ಗೆಳೆಯರ ಜೊತೆ ಚಿಕ್ಕಮಗಳೂರಿಗೆ ರ್ಯಾಲಿ ನೋಡೋಕೆ ಹೋಗಿದ್ದೆ. ಸರ್ವಿಸ್ ಪಾರ್ಕಲ್ಲಿ ಒಬ್ಬ ನ್ಯಾವಿಗೇಟರನ್ನ ಕಟ್ಟಿ ಕೂರಿಸ್ತಿದ್ರು. ಬೆಲ್ಟ್ ಬಿಗಿದ ಮೇಲೆ ಅವರಿಗೆ ಪಕ್ಕದವರನ್ನ ತಿರುಗಿ ನೋಡೋಕೂ ಆಗ್ತಿರಲಿಲ್ಲ. ಹೆಲ್ಮೆಟ್ಟಿನ ಮೈಕಲ್ಲೇ ಮಾತು. ರ್ಯಾಲಿ ಶುರುವಾಗೋ ಮೊದಲು ಸ್ಕ್ರೂಟಿನಿಯವರು ಬೆಲ್ಟಿನ ಡೇಟು, ಸೀಟಿನ ಲೇಬಲ್ಲು, ಕೇಜು ಎಲ್ಲ ನೋಡ್ತಾರೆ. ಹಿಂದಿನ ಸೀಟು ಇರೋದೇ ಇಲ್ಲ. ಅಲ್ಲಿ ಈ ಸಿಸ್ಟಮ್ ಪೂರ್ತಿ ಇದೆ, ಆದರೂ ಅಪಾಯ ಸೊನ್ನೆ ಆಗಲ್ಲ. 2023ರ ಜನವರಿಯಲ್ಲಿ ಮದ್ರಾಸ್ ರೇಸ್ ಟ್ರ್ಯಾಕಲ್ಲಿ 59 ವರ್ಷದ ಅನುಭವಿ ಕೆ.ಇ. ಕುಮಾರ್ ಸಲೂನ್ ಕಾರ್ ರೇಸಿನ ಅಪಘಾತದಲ್ಲಿ ತೀರಿಕೊಂಡ್ರು.

ಈಗ ಅದೇ ಸೆಟಪ್ಪನ್ನ ಬೋಡಕ್‌ದೇವ್‌ಗೆ ತನ್ನಿ. ಪಕ್ವಾನ್ ಚಾರ್ ರಸ್ತಾದಲ್ಲಿ ಪಕ್ಕದಿಂದ ನುಗ್ಗೋ ಆಕ್ಟಿವಾ ನೋಡೋಕೆ ಕತ್ತು ತಿರುಗಿಸಬೇಕು. ಹ್ಯಾನ್ಸ್ ಹಾಕ್ಕೊಂಡು ಯಾರೂ ಆಫೀಸಿಗೆ ಹೋಗಲ್ಲ. ಹೆಲ್ಮೆಟ್ ಬಿಡ್ತಾರೆ, ಹಾರ್ನೆಸ್ ಸಡಿಲ ಮಾಡ್ತಾರೆ, ಕಂಬಿ ಮಾತ್ರ ಅಲ್ಲೇ ಇರತ್ತೆ.

ಆ ಕಂಬಿಯ ಹಿಂದೆ ಮಗು. ದೋಸ್ತನ ಮನೆ ಕೆಳಗೆ ಪಾರ್ಕಿಂಗಲ್ಲಿ ನಾನು ಟೇಪ್ ಹಿಡಿದು ಅಳೆದೆ. ಹುಡುಗಿಯನ್ನ ಅವಳ ಬೂಸ್ಟರ್ ಸೀಟಲ್ಲೇ ಕೂರಿಸಿದ್ವಿ. ಹಣೆಯಿಂದ ಬಾರ್ ಬರೋ ಜಾಗಕ್ಕೆ 31 ಸೆಂ.ಮೀ. ಮಕ್ಕಳ ಸೀಟಿನ ಆರ್-44 ಅನ್ನೋ ನಿಯಮದ ಟೆಸ್ಟಲ್ಲಿ, ಸೀಟಿನ ಬೆನ್ನು ತಳ ಕೂಡೋ ಗೆರೆಯಿಂದ ತಲೆ 55 ಸೆಂ.ಮೀ. ತನಕ ಮುಂದೆ ಬರೋಕೆ ಅವಕಾಶ ಇದೆ. ಬೆಲ್ಟ್ ಸರಿಯಾಗಿ ಹಾಕಿದ ಮಗುವಿನ ತಲೆಯೂ ಅಷ್ಟು ದೂರ ಬರಬಹುದು. ಆ ದಾರಿಯಲ್ಲಿ ನಾವೇ ದುಡ್ಡು ಕೊಟ್ಟು ಒಂದು ಸ್ಟೀಲ್ ಪೈಪ್ ಅಡ್ಡ ನಿಲ್ಲಿಸ್ತಿದ್ವಿ. ಟೇಪ್ ನೋಡಿ ದೋಸ್ತ ಸುಮ್ಮನಾದ. ಮಸ್ಟಾಂಗ್ ಬಗ್ಗೆ ಇನ್ನೊಂದು ಹೇಳಬೇಕು. 2017ರ ಜನವರಿಯಲ್ಲಿ ಯೂರೋ ಎನ್‌ಕ್ಯಾಪ್ ಅದಕ್ಕೆ ಕೊಟ್ಟಿದ್ದು ಎರಡೇ ಸ್ಟಾರು, ಆಮೇಲೆ ತಿದ್ದಿದ ಮಾಡೆಲಿಗೆ ಮೂರು. ಹಿಂದೆ ಕೂತವರ ರಕ್ಷಣೆ ಸಾಲದು ಅನ್ನೋದೂ ಕಾರಣಗಳಲ್ಲಿ ಒಂದು. ಮೊದಲೇ ಕಡಿಮೆ ಇರೋ ಕಡೆ ಇನ್ನಷ್ಟು ಕಡಿಮೆ ಮಾಡೋ ಕೆಲಸ ಇದು.

ಅವನು ಸೂರತ್‌ಗೆ ಹೋಗೋ ಅದೇ ಅಹಮದಾಬಾದ್–ಮುಂಬೈ ಹೆದ್ದಾರಿಯಲ್ಲಿ, ಪಾಲ್ಘರ್ ಹತ್ರ, 2022ರ ಸೆಪ್ಟೆಂಬರ್ 4ಕ್ಕೆ ಸೈರಸ್ ಮಿಸ್ತ್ರಿ ಹೋಗಿಬಿಟ್ರು. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿದ್ದ ಇಬ್ಬರು ಬದುಕಿದ್ರು. ಇನ್ನೊಂದು, ನಮ್ಮ ಮನೆಯಿಂದ ಬಹಳ ದೂರ ಇಲ್ಲದ ಇಸ್ಕಾನ್ ಫ್ಲೈಓವರ್. 2023ರ ಜುಲೈ 19ರ ಮಧ್ಯರಾತ್ರಿ ದಾಟಿದ ಮೇಲೆ ವೇಗವಾಗಿ ಬಂದ ಜಾಗ್ವಾರ್ ಕಾರೊಂದು, ಅಲ್ಲಿ ಮೊದಲೇ ಆಗಿದ್ದ ಅಪಘಾತ ನೋಡ್ತಾ ನಿಂತಿದ್ದ ಜನರ ಮೇಲೆ ನುಗ್ಗಿ 9 ಜನ ಸತ್ತರು. ಸತ್ತವರೆಲ್ಲ ಕಾರಿನ ಹೊರಗಿದ್ದವರು. ಅವರಿಗೆ ಯಾವ ರೋಲ್ ಬಾರೂ ಇಲ್ಲ.

ಕಾನೂನು ಬೇಗ ಹೇಳಿ ಮುಗಿಸ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಇನ್ಶೂರೆನ್ಸಿನವರು ತಕರಾರು ತೆಗೆಯೋಕೂ ಜಾಗ ಮಾಡಿಕೊಟ್ಟ ಹಾಗಾಗತ್ತೆ.

ಹಾಗಾದ್ರೆ ಪೋರ್ಷೆಯವರು ಜಿಟಿ3ಗೆ ಕಂಪನಿಯಿಂದಲೇ ರೋಲ್ ಬಾರ್ ಕೊಡ್ತಾರಲ್ಲ ಅಂತ ಕಾಮೆಂಟಲ್ಲಿ ಖಂಡಿತ ಯಾರಾದ್ರೂ ಕೇಳ್ತೀರಿ. ಕೊಡ್ತಾರೆ, ಕ್ಲಬ್‌ಸ್ಪೋರ್ಟ್ ಪ್ಯಾಕೇಜ್ ಅಂತ. ಅದರ ಜೊತೆ ಡ್ರೈವರಿಗೆ ಆರು ಪಾಯಿಂಟ್ ಹಾರ್ನೆಸ್ಸು, ಬೆಂಕಿ ಆರಿಸೋ ಸಿಲಿಂಡರ್ ಕೊಡ್ತಾರೆ. ಕಾರ್ಬನ್ ಬಕೆಟ್ ಸೀಟೊಳಗೂ ಏರ್‌ಬ್ಯಾಗ್ ಇಟ್ಟಿದ್ದಾರೆ, ರಸ್ತೆಗೆ ಮಾಮೂಲಿ ಬೆಲ್ಟನ್ನೂ ಉಳಿಸಿದ್ದಾರೆ. ಹಿಂದಿನ ಸೀಟು ತೆಗೆದೇ ಮಾರ್ತಾರೆ. ಇಡೀ ಸಿಸ್ಟಮ್ಮನ್ನ ಒಟ್ಟಿಗೆ ಡಿಸೈನ್ ಮಾಡಿ, ಟೆಸ್ಟ್ ಮಾಡಿ ಕೊಟ್ಟಿದ್ದಾರೆ. ಅದಕ್ಕೂ ಚೌಕದ ಪೈಪಿಗೂ ಹೋಲಿಕೆ ಬೇಡ.

ದೋಸ್ತನ ಕಥೆ ಕೇಳ್ತೀರಲ್ಲ? ಗ್ಯಾರೇಜಿನವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಬ್ರಾಕೆಟ್ ಮಾಡಿದೀವಿ, ಖರ್ಚಾಗಿದೆ ಅಂದ್ರು. ಸೀಟುಗಳು ಈಗ ಮನೇಲಿ ಗೇಮಿಂಗ್ ಸ್ಟೀರಿಂಗ್ ಮುಂದೆ ಕೂತಿವೆ, ಮಗಳು ಅದರಲ್ಲಿ ಕೂತು ಹೋಂವರ್ಕ್ ಮಾಡ್ತಾಳೆ. ವೇಗದ ಆಸೆ ಹೋಗಿಲ್ಲ. ಚೆನ್ನೈ ಟ್ರ್ಯಾಕಲ್ಲಿ ರೇಸಿಂಗ್ ಸ್ಕೂಲಿನ ಕಾರಲ್ಲೇ ಎರಡು ದಿನ ಓಡಿಸಿ ಬರ್ತೀನಿ ಅಂತಿದ್ದಾನೆ. ಸೀಟು, ಬೆಲ್ಟು, ಕೇಜು ಎಲ್ಲ ಅವರದೇ. "ಉಳಿದ ರೊಕ್ಕದಾಗ ಏನ್ ಹಾಕಸ್ಲಿ ಹೇಳು" ಅಂದ. ಬಗ್ಗಿ ಟೈರ್ ನೋಡಿದೆ. ಎಡ ಹಿಂದಿನ ಟೈರಿನ ಮೇಲೆ 2316 ಅಂತ ಅಚ್ಚಾಗಿತ್ತು. 2016ನೇ ಇಸವಿಯ 23ನೇ ವಾರ. ಮುಂದಿನ ವಿಡಿಯೋ ಟೈರ್ ಬಗ್ಗೆ.